ಎರಡಕ್ಷರದ ಜಗಳ

ಕೆಂಪು ಮಣ್ಣಿನ ಸೀಮೆಯಲ್ಲಿ ಹೊನ್ನಯ್ಯ ಅಂತ ಒಬ್ಬ ದನದ ವೈದ್ಯ ಇದ್ದ. ವಿದ್ಯೆ ಬೇಕಾದಷ್ಟಿತ್ತು, ಜಂಬವೂ ಬೇಕಾದಷ್ಟಿತ್ತು. ಹಸುವಿನ ಕಿವಿ ಮುಟ್ಟಿ ಜ್ವರ ಹೇಳುತ್ತಿದ್ದ. ಸಗಣಿ ನೋಡಿ ನಿನ್ನೆ ತಿಂದ ಮೇವು ಯಾವುದೆಂದು ಹೇಳುತ್ತಿದ್ದ. ಹೇಳಿದ್ದು ಸರಿಯಾದಾಗ ಸುತ್ತ ನಿಂತವರ ಮುಖಗಳನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ, ಎಲ್ಲರೂ ಬೆರಗಾಗಿದ್ದಾರೆ ತಾನೇ ಅಂತ.

ಅವನಿಗೆ ಎರಡರ ಮೇಲೆ ಪ್ರಾಣ. ಒಂದು ವಾದ, ಇನ್ನೊಂದು ಬೆಳ್ಳಿ ಎಂಬ ಅವನ ಹಸು. ಬೆಳ್ಳಿ ಹುಟ್ಟಿದ ದಿನವೇ ತಾಯಿಯನ್ನು ಕಳೆದುಕೊಂಡ ಕರು. ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ಹೊನ್ನಯ್ಯನೇ ಸಾಕಿದ್ದ. ಮೇವಿಗೆ ಬಾಯಿ ಹಾಕುವ ಕಾಲ ಬಂದಾಗ ಅವಳು ಮೊದಲು ಕಚ್ಚಿದ್ದು ಅವನ ಹಿತ್ತಲಿನ ಎಳೆ ಜೋಳದ ಗರಿಯನ್ನು. ಅದನ್ನೇ ತಿಂದು ಮೈಕೈ ತುಂಬಿಕೊಂಡು ಬೆಳೆದಳು. ಹೊನ್ನಯ್ಯ ಎಲ್ಲಿಗೆ ಹೋದರೂ ಬೆಳ್ಳಿ ಜೊತೆಗಿರಬೇಕು. ಪರಊರಿನ ಹಾಲು ಅವನಿಗೆ ಒಗ್ಗುತ್ತಿರಲಿಲ್ಲ. ಪರಊರಿನ ಅನ್ನವೂ ಒಗ್ಗುತ್ತಿರಲಿಲ್ಲ, ಅದಕ್ಕೇ ರಾಗಿ ಹಿಟ್ಟಿನ ಗಂಟನ್ನೂ ಹೆಗಲಿಗೆ ಹಾಕಿಕೊಂಡೇ ಹೊರಡುತ್ತಿದ್ದ.

ಒಂದು ಸಲ ಅವನಿಗೆ ದೂರದ ಕರಿ ಮಣ್ಣಿನ ಸೀಮೆಯಿಂದ ಕರೆ ಬಂತು. ಅಲ್ಲಿನ ದೇಸಾಯರ ಹೆಂಡತಿ ಗೌರಾಜಮ್ಮ ಕೆಂಪು ಮಣ್ಣಿನ ಸೀಮೆಯ ಹೆಣ್ಣು. ತವರಿನ ಕಡೆಯ ವೈದ್ಯನ ಕೀರ್ತಿ ಆಕೆಗೆ ಗೊತ್ತಿತ್ತು, ಗಂಡನ ಕೈಯಲ್ಲಿ ಹೇಳಿಕಳಿಸಿದ್ದಳು.

ಅಲ್ಲಿ ಆಗಿದ್ದಿಷ್ಟು. ಜೋಳದ ಸುಗ್ಗಿ ಮುಗಿದಿತ್ತು. ತೆನೆ ಮನೆ ಸೇರಿತ್ತು, ಹೊಲದಲ್ಲಿ ಕೊಯ್ದ ಬುಡಗಳ ಕೂಳೆ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಯಾರೂ ಎಣಿಸದ ಒಂದು ಅಡ್ಡಮಳೆ ಬಂದು ಹೋಯಿತು. ಆ ಕೂಳೆಗಳೆಲ್ಲ ಒಟ್ಟಿಗೆ ಚಿಗುರಿ ಮೊಣಕಾಲೆತ್ತರ ಎದ್ದು ನಿಂತವು. ಕಣ್ಣು ಹಾಯಿಸಿದಷ್ಟೂ ಹಸಿರು. ಆ ಹಸಿರಿನ ಪಕ್ಕದ ಗೋಮಾಳದಲ್ಲಿ ಊರ ದನಗಳೆಲ್ಲ ಒಣ ಕಣಿಕೆ ಅಗಿಯುತ್ತ ನಿಂತಿದ್ದವು. ದೇಸಾಯರಿಗೆ ಇದನ್ನು ನೋಡಲಾಗಲಿಲ್ಲ. ದನ ಬಿಡಿ ಅಂದರೆ ದನಗಾಹಿಗಳು ಒಪ್ಪಲಿಲ್ಲ. ಎಳೆ ಜೋಳ ತಿಂದರೆ ದನ ಸಾಯುತ್ತದೆ ಅಂತ ಅವರ ಪಟ್ಟು. ಅವರ ಬೆನ್ನಿಗೆ ನಿಂತಿದ್ದವಳು ಆ ಸೀಮೆಯ ವೈದ್ಯೆ ಕಲ್ಲವ್ವ.

ಕಲ್ಲವ್ವನೂ ಸಾಮಾನ್ಯಳಲ್ಲ. ಅಜ್ಜನಿಂದ ಕಲಿತ ವಿದ್ಯೆ, ಅದರ ಮೇಲೆ ತಾನೇ ನೋಡಿ ಕಲಿತದ್ದು. ಸತ್ತ ದನವನ್ನು ಕೊಯ್ದು ಒಳಗೆ ಏನಾಗಿದೆಯೆಂದು ನೋಡದೆ ಮಣ್ಣು ಮಾಡಲು ಬಿಡುತ್ತಿರಲಿಲ್ಲ. ಅವಳ ಬಳಿ ಕಲಿತವರು ಸುತ್ತಲ ಊರುಗಳಲ್ಲೆಲ್ಲ ಇದ್ದರು. ಹೆಸರಿಗೆ ತಕ್ಕ ಹಾಗೆ ಹಟದಲ್ಲಿ ಮಾತ್ರ ಕಲ್ಲೇ.

ಹೊನ್ನಯ್ಯ ಬಂದ ದಿನವೇ ದೇಸಾಯರ ವಾಡೆಯ ಅಂಗಳದಲ್ಲಿ ಜನ ನೆರೆದರು. ದೇಸಾಯರು ಕಟ್ಟೆಯ ಮೇಲೆ ಕೂತು ಕೇಳಿದರು, "ಹೇಳ್ರಿ ವೈದ್ಯರ. ಎಳೀ ಜ್ವಾಳ ದನಕ್ಕ ಹಾಕಬೇಕೋ, ಹಾಕಬಾರದೋ?"

"ಇದೂ ಒಂದು ಪ್ರಶ್ನೆಯೇ ಸ್ವಾಮಿ?" ಅಂದ ಹೊನ್ನಯ್ಯ. "ನಮ್ ಕಡೆ ದಿನಾ ಹಾಕ್ತೀವಿ. ಅಲ್ನೋಡಿ ನಮ್ ಬೆಳ್ಳೀನ. ಎಳೆ ಜೋಳ ತಿಂದೇ ಬೆಳೆದೋಳು. ಮೈ ಹೆಂಗೆ ಹೊಳೀತಾ ಅದೆ."

ಕಲ್ಲವ್ವ ಎದ್ದು ನಿಂತಳು. "ಹಾಕಬಾರದ್ರಿ. ಕೂಳಿ ಚಿಗುರಂತೂ ಮುಟ್ಟಬಾರದು. ತಿಂದ ಆಕಳಾ ತೇಕತಾವ, ಮೈ ನಡಗತಾವ, ಬಾಯಾಗ ನೊರಿ ಬರ್ತದ. ನಿಂತಲ್ಲೇ ಬೀಳ್ತಾವ. ನಮ್ಮ ಅಜ್ಜ ನೋಡ್ಯಾನ, ನಾ ನೋಡೇನಿ."

"ಅವಕ್ಕೆ ಹಾವು ಕಚ್ಚಿರಬೇಕು."

"ಸಾಲಾಗಿ ನಿಂತ ಆಕಳಿಗೆಲ್ಲ ಒಂದೇ ಹಾವು ಕಚ್ಚತದೇನ್ರಿ?"

"ಹಂಗಾರೆ ನೀರಲ್ಲಿ ಏನೋ ಸೇರಿರಬೇಕು."

"ನೀರು ನಾನೂ ಕುಡದೇನಿ. ನಿಮ್ಮ ಆಕಳದ್ದೇ ಬ್ಯಾರೆ ಜಾತಿ ಇರಬೇಕು ತಗೋರಿ. ಕಲ್ಲು ತಿಂದ್ರೂ ಅರಗಿಸಿಕೋತದ."

ಜನ ನಕ್ಕರು. ಬೆಳ್ಳಿಯನ್ನು ಅಂದದ್ದು ಹೊನ್ನಯ್ಯನ ಮೈಗೆ ಬೆಂಕಿ ಇಟ್ಟ ಹಾಗಾಯಿತು. ವಾದ ಕಾವೇರಿತು. ಅವನು ತಪ್ಪನ್ನು ಗಾಳಿಯ ಮೇಲೆ ಹಾಕಿದ, ಅವಳು ತಳಿಯ ಮೇಲೆ ಹಾಕಿದಳು. ಅವನು ಕರಿ ಮಣ್ಣನ್ನು ದೂರಿದ, ಅವಳು ಕೆಂಪು ಮಣ್ಣನ್ನು ದೂರಿದಳು. ಹಾವು, ನೀರು, ಗಾಳಿ, ಮಣ್ಣು, ದನ, ದನಗಾಹಿ, ಒಂದನ್ನೂ ಬಿಡದೆ ಇಬ್ಬರೂ ಸಂಶಯಪಟ್ಟರು. ಯಾರೂ ಸಂಶಯಪಡದೆ ಉಳಿದದ್ದು ಒಂದೇ ಒಂದು. ಅದು ಜೋಳ ಅನ್ನುವ ಎರಡಕ್ಷರ.

ಹೊನ್ನಯ್ಯನಿಗೆ ಆ ಹೊತ್ತು ಹಬ್ಬದ ಹಾಗಿತ್ತು. ಇಂಥ ಗಟ್ಟಿ ಎದುರಾಳಿ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಆಕೆ ಹೇಳುವುದೆಲ್ಲ ಸುಳ್ಳು ಅಂತ ಅವನಿಗೆ ಖಚಿತವಿತ್ತು. ಸುಳ್ಳನ್ನು ಇಷ್ಟು ಚೆನ್ನಾಗಿ ಹೇಳಬಲ್ಲವಳನ್ನು ಸೋಲಿಸುವುದರಲ್ಲೇ ಒಂದು ಮಜವಿದೆ ಅಂದುಕೊಂಡ. ಕಲ್ಲವ್ವನೂ ಅವನ ಬಗ್ಗೆ ಹಾಗೇ ಅಂದುಕೊಂಡಿದ್ದಳು ಅಂತ ಆಮೇಲೆ ತಿಳಿಯಿತು.

ಕೊನೆಗೆ ಹೊನ್ನಯ್ಯ ಕೈ ಎತ್ತಿದ. "ಬಾಯಿ ಮಾತು ಸಾಕು. ಪರೀಕ್ಷೆ ಆಗ್ಲಿ. ನಾಳೆ ಬೆಳಗ್ಗೆ ಎಲ್ರ ಎದುರಿಗೆ ಒಂದು ಹಸೀಗೆ ಎಳೆ ಜೋಳ ತಿನ್ಸೋಣ. ಬದುಕ್ತೋ ಸತ್ತೋಯ್ತೋ ನೀವೇ ನೋಡಿ."

"ಸಾಯತದಂತ ಗೊತ್ತಿದ್ದೂ ನನ್ನ ಆಕಳಾ ಕೊಡೂದಿಲ್ಲ" ಅಂದಳು ಕಲ್ಲವ್ವ.

"ನಿಮ್ದು ಯಾಕೆ? ನಮ್ ಬೆಳ್ಳೀನೇ ತಿಂತಾಳೆ."

ದನದ ಬಾಯಿಗೆ ಔಷಧ ಹೊಯ್ಯಲು ಬಿದಿರಿನ ಒಂದು ಗೊಟ್ಟ ಇರುತ್ತದೆ, ಗೊತ್ತಲ್ಲ? ದನದ ವೈದ್ಯರಿಗೆ ಅದೇ ಬಿರುದು, ಅದೇ ಕತ್ತಿ. ಸೋತವರು ತಮ್ಮ ಗೊಟ್ಟವನ್ನು ಗೆದ್ದವರ ಕೈಗೆ ಕೊಡಬೇಕು, ಮತ್ತೆ ದನ ಮುಟ್ಟಬಾರದು ಅಂತ ಪಂದ್ಯವಾಯಿತು.

ಸಂಜೆ ಹೊನ್ನಯ್ಯ ಕೊಟ್ಟಿಗೆಯಲ್ಲಿ ಮುದ್ದೆ ತಿರುವುತ್ತಿದ್ದಾಗ ಕಲ್ಲವ್ವ ಒಬ್ಬಳೇ ಬಂದಳು. ಸೊಂಟದಿಂದ ಗೊಟ್ಟ ತೆಗೆದು ಅವನ ಮುಂದೆ ಇಟ್ಟಳು.

"ತಗೋರಿ. ನಾ ಸೋತೆ ಅಂತ ಈಗ ಹೇಳತೇನಿ. ನಾಳೆ ಮಂದಿ ಮುಂದ ಬೇಕಾದ್ರ ಮತ್ತೊಮ್ಮೆ ಹೇಳತೇನಿ. ಆಕಳಾ ಕೊಲ್ಲಬ್ಯಾಡ್ರಿ."

ಬೆಳ್ಳಿ ಕತ್ತು ಚಾಚಿ ಕಲ್ಲವ್ವನ ಕೈ ನೆಕ್ಕಿದಳು. ಕಲ್ಲವ್ವನ ಕಣ್ಣು ತುಂಬಿ ಬಂತು. ಇದನ್ನು ಕಂಡೂ ಹೊನ್ನಯ್ಯನಿಗೆ ಒಂದು ಪ್ರಶ್ನೆ ಹೊಳೆಯಲಿಲ್ಲ. ಇಷ್ಟು ನಿಜವಾಗಿ ಹೆದರಿದವಳು ಏನನ್ನು ಕಂಡು ಹೆದರಿದ್ದಾಳೆ ಅಂತ ಅವನು ಕೇಳಲಿಲ್ಲ. ಸೋಲುವ ಭಯಕ್ಕೆ ನಾಟಕ ಹೂಡಿದ್ದಾಳೆ ಅಂದುಕೊಂಡು ಗೊಟ್ಟವನ್ನು ಅವಳ ಕಡೆಗೇ ತಳ್ಳಿದ.

"ನಾಳೆ ಎಲ್ರ ಮುಂದೆ ಇಸ್ಕೋತೀನಿ ಬಿಡಿ" ಅಂದ.

ಬೆಳಗಾಯಿತು. ಮೇವನ್ನು ತಾನೇ ಕೊಯ್ದು ತರುತ್ತೇನೆ ಅಂತ ಹೊನ್ನಯ್ಯ ಹಟ ಹಿಡಿದ. ಬೇರೆಯವರು ತಂದರೆ ನಡುವೆ ಏನಾದರೂ ಬೆರೆಸಿಯಾರು ಅನ್ನುವ ಅನುಮಾನ ಅವನಿಗೆ. ಹೊಲದವರೆಗೆ ಯಾರು ನಡೆಯುವುದು ಅಂತ ಗೌರಾಜಮ್ಮನನ್ನೇ ಕೇಳಿದ, "ಅಮ್ಮಾವ್ರೇ, ಎಳೆ ಜೋಳ ಇಲ್ಲೆಲ್ಲಾದ್ರೂ ಹತ್ರದಲ್ಲಿ ಸಿಕ್ತದಾ?"

"ದೂರ ಯಾಕೆ? ನಮ್ ಹಿತ್ಲಲ್ಲೇ ಅದೆಯಲ್ಲ. ತವರಿಂದ ಬೀಜ ತಂದು ನಾನೇ ಹಾಕಿದೀನಿ" ಅಂದಳು ಗೌರಾಜಮ್ಮ.

ಹೊನ್ನಯ್ಯ ಹಿತ್ತಲಿಗೆ ಹೋದ. ಮೊಣಕಾಲೆತ್ತರದ ಎಳೆ ಪೈರನ್ನು ಕುಡುಗೋಲಿನಲ್ಲಿ ಕೊಯ್ದ, ಸಣ್ಣಗೆ ಹೆಚ್ಚಿದ, ಬುಟ್ಟಿ ತುಂಬಿಸಿಕೊಂಡು ಅಂಗಳಕ್ಕೆ ಬಂದ. ಕಲ್ಲವ್ವ ಒಂದು ಕೊಡದ ತುಂಬ ಬೆಲ್ಲದ ನೀರು ಕಲಸಿಕೊಂಡು ಆಗಲೇ ಬಂದು ಕೂತಿದ್ದಳು. ಬೆಳ್ಳಿ ಬಿದ್ದರೆ ಕುಡಿಸಿ ನೋಡೋಣ ಅಂತ. ಅವಳು ಬುಟ್ಟಿಯ ಕಡೆ ನೋಡಿದಳು. ಹೆಚ್ಚಿದ ಹಸಿರು ಮೇವು ಕಂಡಿತು. ಅದನ್ನು ಒಂದು ಹಿಡಿ ಎತ್ತಿ ನೋಡಲಿಲ್ಲ. ಜೋಳ ಅಂದಮೇಲೆ ಜೋಳ, ಅದರಲ್ಲೇನು ನೋಡುವುದು ಅಂತ ಅವಳೂ ಅಂದುಕೊಂಡಳು.

ಬೆಳ್ಳಿ ಬುಟ್ಟಿಗೆ ಬಾಯಿ ಹಾಕಿದಳು.

ಜನ ಉಸಿರು ಬಿಗಿಹಿಡಿದು ನೋಡಿದರು. ಬೆಳ್ಳಿ ತಿಂದಳು, ಇನ್ನಷ್ಟು ಕೊಡು ಅನ್ನುವ ಹಾಗೆ ಹೊನ್ನಯ್ಯನ ಅಂಗೈ ಮೂಸಿದಳು. ಮತ್ತೊಂದು ಬುಟ್ಟಿ ಬಂತು, ಅದೂ ಖಾಲಿಯಾಯಿತು. ಬೆಳ್ಳಿ ಆರಾಮಾಗಿ ಮಲಗಿ ಮೆಲುಕು ಹಾಕತೊಡಗಿದಳು. ಕಲ್ಲವ್ವ ಅವಳ ಪಕ್ಕದಲ್ಲೇ ಕೂತು ಉಸಿರು ನೋಡಿದಳು, ತುಟಿ ಎತ್ತಿ ವಸಡು ನೋಡಿದಳು, ಎದೆಗೆ ಕಿವಿ ಇಟ್ಟು ಕೇಳಿದಳು. ಹೊತ್ತು ಏರಿತು. ಬೆಳ್ಳಿಗೆ ಏನೂ ಆಗಲಿಲ್ಲ.

ಅಂಗಳದಲ್ಲಿ ಕೇಕೆ ಎದ್ದಿತು. ಕಲ್ಲವ್ವ ಎದ್ದು ಗೊಟ್ಟವನ್ನು ಎರಡೂ ಕೈಯಲ್ಲಿ ಹಿಡಿದು ಹೊನ್ನಯ್ಯನಿಗೆ ಕೊಟ್ಟಳು. ಬೆಳ್ಳಿ ಬದುಕಿದಳಲ್ಲ ಅನ್ನುವ ಸಮಾಧಾನ ಅವಳ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅದರ ಹಿಂದೆ ಎಲ್ಲಿಗೂ ಹೊಂದದ ಒಂದು ಗೊಂದಲವಿತ್ತು. ಹೊನ್ನಯ್ಯ ಗೊಟ್ಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತಲ ಮುಖಗಳನ್ನೆಲ್ಲ ಒಮ್ಮೆ ನೋಡಿಕೊಂಡ. ಎಲ್ಲರೂ ಬೆರಗಾಗಿದ್ದರು. ಅವನ ಕಾಲು ನೆಲದ ಮೇಲಿರಲಿಲ್ಲ.

ದೇಸಾಯರು ಅಪ್ಪಣೆ ಕೊಟ್ಟರು. ಅವತ್ತೇ ಮಧ್ಯಾಹ್ನ ಊರ ದನವನ್ನೆಲ್ಲ ಕೂಳೆ ಹೊಲಕ್ಕೆ ಬಿಡಬೇಕು. ಗೆದ್ದ ಬೆಳ್ಳಿಯ ಕೊಂಬಿಗೆ ಹೂ ಸುತ್ತಿ, ಹಲಗೆ ವಾದ್ಯ ಬಡಿಸುತ್ತ, ಎಲ್ಲಕ್ಕಿಂತ ಮುಂದೆ ಅವಳನ್ನೇ ಇಳಿಸಬೇಕು.

ಜನ ಚೆದುರಿದ ಮೇಲೆ ಕಲ್ಲವ್ವ ಹೊನ್ನಯ್ಯನ ಹತ್ತಿರ ಬಂದಳು. "ನಮ್ಮ ಕಡಿ ಸೋತವರು ಗೆದ್ದವರಿಗೆ ಊಟಕ್ಕ ಹಾಕೂದು ಪದ್ಧತಿ. ನಿಮ್ಮ ಗಂಟಿನ ಹಿಟ್ಟು ಇವತ್ತೊಂದಿನ ಹಂಗ ಇರ್ಲಿ. ನಮ್ಮನಿಗೆ ಬರ್ರಿ."

ಗೆದ್ದವನಿಗೆ ಉದಾರಿಯಾಗುವುದು ಸುಲಭ. ಹೊನ್ನಯ್ಯ ಒಪ್ಪಿದ.

ಕಲ್ಲವ್ವನ ಮನೆ ಊರ ಅಂಚಿನಲ್ಲಿತ್ತು. ಅವಳು ಒಲೆಯ ಮುಂದೆ ಕೂತು ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಅವಳ ಕೈ ಸುಮ್ಮನಿರಲಿಲ್ಲ, ಬಾಯಿಯೂ ಸುಮ್ಮನಿರಲಿಲ್ಲ.

"ಒಂದು ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಆಕಳಾ ಬದುಕಿದ್ದು ಖರೇ, ಕಣ್ಣಾರೆ ಕಂಡೆ. ನಮ್ಮ ಆಕಳಾ ಸತ್ತದ್ದೂ ಖರೇ, ಅದನ್ನೂ ಕಣ್ಣಾರೆ ಕಂಡೇನಿ. ಎರಡೂ ಖರೇ ಹೆಂಗ ಆಗ್ತಾವ್ರೀ?"

ಹೊನ್ನಯ್ಯ ಉತ್ತರಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ತಟ್ಟೆಗೆ ರೊಟ್ಟಿ ಬಂತು. ತೆಳ್ಳಗೆ, ದುಂಡಗೆ, ಬೆಳ್ಳಗೆ. ಜೊತೆಗೆ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅವನು ಒಂದು ತುತ್ತು ಮುರಿದು ಬಾಯಿಗಿಟ್ಟ. ಬಹಳ ರುಚಿಯಾಗಿತ್ತು.

"ಇದೇನು ಅಕ್ಕಿ ರೊಟ್ಟೀನಾ?"

"ಇಲ್ಲಿ ಅಕ್ಕಿ ಎಲ್ಲಿಂದ ಬರಬೇಕ್ರಿ? ಜ್ವಾಳದ್ದು."

"ಜೋಳದ್ದಾ? ತಮಾಷೆ ಮಾಡ್ಬೇಡಿ. ಜೋಳದ ಹಿಟ್ಟು ಇಷ್ಟು ಬೆಳ್ಳಗಿರ್ತದಾ? ಅರಿಸಿನ ಕಲಸಿದಂಗೆ ಇರ್ತದೆ."

ಬಡಿಯುತ್ತಿದ್ದ ಕೈ ನಿಂತಿತು. "ಏನಂದ್ರಿ? ಅರಿಶಿಣ?"

"ಹೂಂ, ಹಳದಿ."

ಕಲ್ಲವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ, ಚೀಲದಿಂದ ಒಂದು ಹಿಡಿ ಕಾಳು ತಂದು ಅವನ ಎಡಗೈಗೆ ಸುರಿದಳು. ಕೊತ್ತಂಬರಿ ಬೀಜದ ಗಾತ್ರದ, ದುಂಡನೆಯ ಬಿಳಿ ಕಾಳು. ಹೊನ್ನಯ್ಯ ಅದನ್ನು ಬೆರಳಿನಲ್ಲಿ ಉರುಳಿಸಿ ನೋಡಿದ.

"ಇದು ಜೋಳ ಅಲ್ಲ ಕಣಮ್ಮ" ಅಂದ ನಿಧಾನವಾಗಿ. "ಜೋಳದ ಕಾಳು ಹಲ್ಲಿನ ಹಂಗೆ ಚಪ್ಪಟೆ. ತೆನೆ ಗಿಡದ ನಡುವಿನಲ್ಲಿ ಬಿಡ್ತದೆ. ಮೇಲೆ ಹಸಿರು ಮುಸುಕು, ತುದೀಲಿ ಕೂದಲು."

"ನಡುವಿನ್ಯಾಗ? ಜ್ವಾಳದ ತೆನಿ ನೆತ್ತಿ ಮ್ಯಾಲ ಇರ್ತದರಿ. ನೀವು ಹೇಳೂದು..." ಕಲ್ಲವ್ವನ ದನಿ ಇಳಿಯಿತು. "ನೀವು ಹೇಳೂದು ಗೋವಿನಜೋಳ. ಅದನ್ನ ಗೋವು ತಿಂದ್ರ ಏನಾಗಬೇಕ್ರಿ? ಹೆಸರೇ ಗೋವಿನದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಹೊನ್ನಯ್ಯನ ತಲೆಯಲ್ಲಿ ಎಲ್ಲವೂ ಒಂದೇ ಏಟಿಗೆ ಬೆಳಗಿತು. ನಿನ್ನೆಯ ಇಡೀ ವಾದ ಅವನ ಕಿವಿಯಲ್ಲಿ ಹೊಸದಾಗಿ ಕೇಳಿಸಿತು. ಆಕೆಯ ದನ ಸತ್ತದ್ದು ಹಾವಿನಿಂದಲ್ಲ, ನೀರಿನಿಂದಲ್ಲ. ಬೆಳ್ಳಿ ಬದುಕಿದ್ದು ತಳಿಯಿಂದಲ್ಲ, ಮಣ್ಣಿನಿಂದಲ್ಲ. ಆಕೆ ಕಂಡದ್ದೂ ನಿಜ, ತಾನು ಕಂಡದ್ದೂ ನಿಜ. ಸುಳ್ಳಾದದ್ದು ಒಂದೇ, ಇಬ್ಬರೂ ಒಂದೇ ಗಿಡದ ಮಾತಾಡುತ್ತಿದ್ದೇವೆ ಅಂದುಕೊಂಡದ್ದು. ಎಂಥ ಚೆಂದದ ಸಂಗತಿ ಅಂತ ಅವನಿಗೆ ಮೈ ಜುಮ್ಮೆಂದಿತು.

ಅದೇ ಕ್ಷಣಕ್ಕೆ ವಾಡೆಯ ಕಡೆಯಿಂದ ಹಲಗೆಯ ಸದ್ದು ಕೇಳಿಸಿತು.

"ಬೆಳ್ಳಿ" ಅಂದ ಹೊನ್ನಯ್ಯ.

ಎಂಜಲು ಕೈಯಲ್ಲೇ ಎದ್ದು ಓಡಿದ. ಚಪ್ಪಲಿ ಮೆಟ್ಟಲಿಲ್ಲ, ರುಮಾಲು ಸುತ್ತಲಿಲ್ಲ. ಹಿಂದೆ ಕಲ್ಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು. ವಾಡೆಯ ಹಿತ್ತಲಿನ ಬೇಲಿ ದಾರಿಯಲ್ಲೇ ಇತ್ತು, ಗೌರಾಜಮ್ಮನ ಪೈರು ಅದರಾಚೆ ಕಾಣುತ್ತಿತ್ತು. ಕಲ್ಲವ್ವ ಬೇಲಿಯ ಸಂದಿಯಿಂದ ಒಳಗೆ ಕೈ ಹಾಕಿ ಒಂದು ಎಳೆ ಗಿಡವನ್ನು ಬೇರುಸಹಿತ ಕಿತ್ತುಕೊಂಡಳು. ಯಾಕೆ ಅಂತ ಕೇಳಲು ಹೊನ್ನಯ್ಯನಿಗೆ ಉಸಿರಿರಲಿಲ್ಲ. ಓಡುತ್ತ ಓಡುತ್ತ ಅವನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಹೆದರಿಕೆ ಹೆಚ್ಚಾದಂತೆ ಕಾಲು ಇನ್ನೂ ಜೋರಾಗಿ ಓಡಿದವು.

ಹೊಲದ ಅಂಚಿಗೆ ಬಂದಾಗ ಮೆರವಣಿಗೆ ಆಗಲೇ ತಲುಪಿತ್ತು. ಕೊಂಬಿಗೆ ಹೂ ಸುತ್ತಿಕೊಂಡ ಬೆಳ್ಳಿ ಎಲ್ಲರಿಗಿಂತ ಮುಂದೆ, ಹೊಲದೊಳಗೇ ನಿಂತು ಚಿಗುರಿಗೆ ಬಾಯಿ ಹಾಕಿದ್ದಳು. ಅವಳ ಹಿಂದೆ ಊರಿನ ದನಗಳೆಲ್ಲ ಹಸಿವಿನಿಂದ ಒಂದನ್ನೊಂದು ನೂಕುತ್ತಿದ್ದವು. ಮುದಿ ದನಗಾಹಿ ಭರಮಪ್ಪ ಬದುವಿನ ಮೇಲೆ ನಿಂತು, ಇನ್ನೇನು ಬಿಡಬೇಕು ಅಂತ ಕೋಲು ಎತ್ತಿದ್ದ.

"ನಿಲ್ಸಿ" ಅಂತ ಹೊನ್ನಯ್ಯ ಕೂಗಿದ. "ಜೋಳ ವಿಷ. ದನ ಬಿಡಬೇಡಿ."

ಭರಮಪ್ಪ ತಿರುಗಿ ನೋಡಿ ನಕ್ಕ. "ಮುಂಜಾನಿ ಜ್ವಾಳ ಅಮೃತ ಅಂದ್ರಿ. ಒಂದು ಊಟ ಮುಗಸೂದ್ರಾಗ ವಿಷ ಆತೇನ್ರಿ? ಕಲ್ಲವ್ವ ಊಟದಾಗ ಏನ ಹಾಕಿದ್ಲು?"

ಸುತ್ತಲಿದ್ದವರೂ ನಕ್ಕರು. ಹೊನ್ನಯ್ಯನಿಗೆ ದಿಕ್ಕು ತೋಚಲಿಲ್ಲ. ಜೋಳ ಅಂದರೆ ಅವರಿಗೆ ಅರ್ಥವಾಗುವುದಿಲ್ಲ, ಜೋಳ ಅನ್ನದೆ ಹೇಳುವುದು ಹೇಗೆ? ಬೆಳಗ್ಗೆ ತಾನೇ ಗೆಲ್ಲಿಸಿದ ಮಾತು ಈಗ ತನ್ನ ಮೇಲೇ ತಿರುಗಿ ಬಿದ್ದಿತ್ತು. ಅವನು ವಾದ ಮಾಡಲಿಲ್ಲ. ಬಗ್ಗಿ, ಕಾಲ ಬಳಿಯ ಒಂದು ಕೂಳೆ ಚಿಗುರನ್ನು ಕಿತ್ತು ಮೇಲೆತ್ತಿ ಹಿಡಿದ.

"ಹೆಸರು ಬಿಡಿ. ಹೆಸರು ಏನಾದ್ರೂ ಇರ್ಲಿ. ಈ ಗಿಡ ನೋಡಿ. ಬೆಳಗ್ಗೆ ನಾನು ಬೆಳ್ಳಿಗೆ ಹಾಕಿದ್ದು ಈ ಗಿಡ ಅಲ್ಲ."

ಕಲ್ಲವ್ವ ಅವನ ಪಕ್ಕಕ್ಕೆ ಬಂದು ನಿಂತು, ಹಿತ್ತಲಿನಿಂದ ಕಿತ್ತ ಗಿಡವನ್ನು ಎತ್ತಿದಳು. "ಅವರು ಹಾಕಿದ್ದು ಇದು. ಗೋವಿನಜೋಳ. ಇದಕ್ಕ ಅವರ ಸೀಮ್ಯಾಗ ಬರೇ ಜೋಳ ಅಂತಾರಂತ. ಎಲಿ ನೋಡ್ರಿ, ಇದರದ್ದು ಅಗಲ, ಅದರದ್ದು ಸಣ್ಣ. ಭರಮಣ್ಣ, ದನಾ ಹೊಳ್ಳಸು."

ಭರಮಪ್ಪನ ನಗು ಅಲ್ಲೇ ಆರಿತು. ಎರಡೂ ಗಿಡವನ್ನು ಒಮ್ಮೆ ನೋಡಿದ, ಮರುಮಾತಿಲ್ಲದೆ ಕೋಲು ಅಡ್ಡ ಹಿಡಿದು ದನಗಳ ಮುಂದೆ ಜಿಗಿದ. ಹಲಗೆ ಬಡಿಯುವವರೂ ಹಲಗೆ ಬಿಸಾಡಿ ಬಂದರು. ಕೂಗಾಟ, ದೂಳು, ನೂಕುನುಗ್ಗಲು. ಕಲ್ಲವ್ವನ ಗಂಟಲು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ಹಿಂಡು ಬದುವಿನಿಂದ ಹೊರಳಿ ಗೋಮಾಳದ ಕಡೆಗೆ ತಿರುಗಿತು. ಒಂದೇ ಒಂದು ದನವೂ ಒಳಗೆ ಇಳಿಯಲಿಲ್ಲ.

ಒಳಗಿದ್ದದ್ದು ಬೆಳ್ಳಿ ಮಾತ್ರ. ಹೊನ್ನಯ್ಯ ಓಡಿ ಹೋಗಿ ಹಗ್ಗ ಹಿಡಿದು ಎಳೆದ. ಅವಳ ಬಾಯಿಯಿಂದ ಚಿಗುರು ಇನ್ನೂ ಜೋತಾಡುತ್ತಿತ್ತು. ಬದುವಿಗೆ ಬರುವಷ್ಟರಲ್ಲಿ ಅವಳ ಕಾಲು ನಡುಗಿತು. ಉಸಿರು ತಿದಿಯಂತೆ ಏರಿಳಿಯಿತು. ಮುಂಗಾಲು ಮಡಿಚಿ ಬಿದ್ದಳು.

ಹೊನ್ನಯ್ಯ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟ. ನಿನ್ನೆ ಸಂಜೆ ಈ ಹೆಂಗಸು ಅತ್ತು ಬೇಡಿಕೊಂಡದ್ದು ಇದೇ ಬೇಡ ಅಂತ. ಅವನು ಸೊಂಟದಿಂದ ಗೊಟ್ಟ ಕಿತ್ತು ಕಲ್ಲವ್ವನ ಕಡೆ ಚಾಚಿದ. ಕಣ್ಣೀರು ಹೊರಟಿತು.

"ಇದು ನಿಮ್ದು, ತಗೊಳ್ಳಿ" ಅಂದ. "ಬೆಳ್ಳೀನ ಉಳ್ಸಿ ಕಲ್ಲವ್ವ."

ವಾಡೆಯ ಅಂಗಳದಲ್ಲಿ ಉಳಿದಿದ್ದ ಬೆಲ್ಲದ ನೀರಿನ ಕೊಡವನ್ನು ಯಾರೋ ಹೊತ್ತು ತಂದರು. ಕಲ್ಲವ್ವ ಗೊಟ್ಟದಲ್ಲಿ ತುಂಬಿ ತುಂಬಿ ಬೆಳ್ಳಿಯ ಬಾಯಿಗೆ ಹೊಯ್ದಳು. ಹೊನ್ನಯ್ಯ ದವಡೆ ಹಿಡಿದುಕೊಂಡಿದ್ದ. ದೇಸಾಯರು ಬಂದರು, ಗೌರಾಜಮ್ಮ ಬಂದಳು, ಊರೆಲ್ಲ ಸುತ್ತ ನಿಂತಿತು. ಬೆಳ್ಳಿಯ ಉಸಿರು ಒಮ್ಮೆ ಏರಿತು, ಒಮ್ಮೆ ಇಳಿಯಿತು. ಹೊತ್ತು ವಾಲಿತು. ಆಮೇಲೆ ಉಸಿರು ಒಂದು ಹದಕ್ಕೆ ಬಂತು. ಬೆಳ್ಳಿ ಕಿವಿ ಅಲ್ಲಾಡಿಸಿದಳು, ಹೊನ್ನಯ್ಯನ ಎಂಜಲು ಕೈಯನ್ನು ನೆಕ್ಕಿದಳು, ಎದ್ದು ನಿಂತು ಮೈ ಕೊಡವಿದಳು. ಕೊಂಬಿನ ಹೂ ಅವನ ತಲೆಯ ಮೇಲೆ ಉದುರಿತು.

ಹೊನ್ನಯ್ಯ ಅವಳ ಕುತ್ತಿಗೆ ತಬ್ಬಿಕೊಂಡು ನಗುತ್ತಲೂ ಇದ್ದ, ಅಳುತ್ತಲೂ ಇದ್ದ. ಸುತ್ತಲಿದ್ದವರ ಮುಖ ನೋಡಿಕೊಳ್ಳಲು ಈ ಸಲ ಮರೆತಿದ್ದ.

ದೇಸಾಯರಿಗೆ ಇನ್ನೂ ಒಂದು ಬಗೆಹರಿದಿರಲಿಲ್ಲ. "ಹಂಗಾದ್ರ ಗೆದ್ದವರು ಯಾರ್ರೀ?"

"ಯಾರೂ ಇಲ್ಲ ಸ್ವಾಮಿ" ಅಂದ ಹೊನ್ನಯ್ಯ. "ವಾದಾನೇ ನಡೀಲಿಲ್ಲ. ಅವರು ಅವರ ಗಿಡದ ವಿಷಯ ಹೇಳಿದ್ರು, ನಾನು ನಮ್ ಗಿಡದ ವಿಷಯ ಹೇಳ್ದೆ. ಪರೀಕ್ಷೆ ಮಾಡಿದ್ವಿ, ಅದೂ ಸುಳ್ಳಾಗ್ಲಿಲ್ಲ. ಆದ್ರೆ ಯಾವ ಪ್ರಶ್ನೆಗೆ ಉತ್ತರ ಅಂತ ನಾವು ನೋಡ್ಲಿಲ್ಲ. ಮೊದಲು ಜೋಳ ಅಂದ್ರೆ ಯಾವುದು ತೋರ್ಸಿ ಅಂತ ನಾನು ಕೇಳಬೇಕಾಗಿತ್ತು."

"ನಾನೂ ಕೇಳಬೇಕಾಗಿತ್ತು" ಅಂದಳು ಕಲ್ಲವ್ವ. "ಬುಟ್ಟಿ ನನ್ನ ಕಣ್ಣ ಮುಂದ ಇತ್ತು. ಕೈ ಹಾಕಿ ನೋಡಲಿಲ್ಲ."

ಅಂದಿನಿಂದ ಆ ವಾಡೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಯಾರೇ ವಾದಕ್ಕೆ ಕೂರಲಿ, ನಡುವೆ ಒಂದು ಖಾಲಿ ತಟ್ಟೆ ಇಡುತ್ತಿದ್ದರು. ಯಾವುದರ ಬಗ್ಗೆ ವಾದವೋ ಅದನ್ನು ಮೊದಲು ಆ ತಟ್ಟೆಯಲ್ಲಿ ಇಡಬೇಕು. ತಟ್ಟೆಯಲ್ಲಿ ಇಡಲು ಬಾರದ ಸಂಗತಿಯಾದರೆ, ಆ ಮಾತಿಗೆ ನಾನು ಹೀಗೆ ಅರ್ಥ ಇಟ್ಟುಕೊಂಡಿದ್ದೇನೆ ಅಂತ ಇಬ್ಬರೂ ಹೇಳಿ, ಎದುರಿನವರು ಹೂಂ ಅನ್ನಬೇಕು. ಎಷ್ಟೋ ಜಗಳಗಳು ಆ ಹೂಂ ಅನ್ನುವಷ್ಟರಲ್ಲೇ ಮುಗಿದುಹೋಗುತ್ತಿದ್ದವು.

ಹಾಗಾದರೆ ಎಲ್ಲ ವಾದವೂ ಮುಗಿದುಹೋಯಿತೇ? ಅದೇ ತಮಾಷೆ, ನಿಜವಾದ ವಾದ ಶುರುವಾದದ್ದೇ ಆಗ. ಹೊನ್ನಯ್ಯ ಮರುದಿನ ಊರಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಬೆಳ್ಳಿ ಹೇಗೆ ಬದುಕಿದಳು ಅನ್ನುವುದು ಅವನ ತಲೆ ಕೊರೆಯುತ್ತಿತ್ತು.

"ಬೆಲ್ಲದ ನೀರಿನಿಂದ ಬದುಕಿತ್ರಿ" ಅಂದಳು ಕಲ್ಲವ್ವ.

"ಅಲ್ಲ. ಬೆಳಗ್ಗೆ ಹೊಟ್ಟೆ ತುಂಬ ತಿಂದಿದ್ಲು. ಹಸಿವಿಲ್ದೆ ಸ್ವಲ್ಪಾನೇ ತಿಂದ್ಲು. ಅದಕ್ಕೇ ಬದುಕಿದ್ಲು" ಅಂದ ಹೊನ್ನಯ್ಯ.

ಕಲ್ಲವ್ವ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತಳು. ಅವಳ ಕಣ್ಣು ಹೊಳೆಯುತ್ತಿತ್ತು. ಹೊನ್ನಯ್ಯ ಉತ್ಸಾಹದಿಂದ ತೋಳು ಏರಿಸಿದ, ಬಾಯಿ ತೆರೆದ. ಆಮೇಲೆ ಏನೋ ನೆನಪಾಗಿ ಬಾಯಿ ಮುಚ್ಚಿದ. ಪಕ್ಕದಲ್ಲಿದ್ದ ಖಾಲಿ ತಟ್ಟೆಯನ್ನು ಎಳೆದು ಇಬ್ಬರ ನಡುವೆ ಇಟ್ಟ.

"ಮೊದ್ಲು ಒಂದು ಕೇಳ್ತೀನಿ" ಅಂದ. "ನಿಮ್ ಕಡೆ ಬೆಲ್ಲ ಅಂದ್ರೆ ಯಾವುದು?"

ನೀತಿ: ಇಬ್ಬರು ತಿಳಿದವರು ಕಂಡದ್ದನ್ನೇ ಹೇಳುತ್ತಿದ್ದೂ ಮಾತು ಹೊಂದದಿದ್ದರೆ, ಒಬ್ಬರು ಸುಳ್ಳರು ಅಂದುಕೊಳ್ಳುವ ಮೊದಲು ಇಬ್ಬರೂ ಆಡುತ್ತಿರುವ ಮಾತಿನ ಅರ್ಥ ಒಂದೇನಾ ಅಂತ ಕೇಳಿ ನೋಡಬೇಕು. ಅರ್ಥ ಗೊತ್ತುಮಾಡಿಕೊಳ್ಳದೆ ಮಾಡಿದ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ, ಅದರಲ್ಲಿ ಬಂದ ಗೆಲುವಂತೂ ಸೋಲಿಗಿಂತ ಅಪಾಯ.